ಬೇವು ಕಟ್ಟಿದ ಪಂಚಮಿ

ಕೊಪ್ಪಳದಲ್ಲಿ ಈಗ ನಾನಿರುವ ಓಣಿಯ ಒಂದು ಮನೆಯ ಬಾಗಿಲಿಗೆ ಹೋದ ಬೇಸಿಗೆಯಲ್ಲಿ ಬೇವಿನ ತೊಪ್ಪಲು ಕಟ್ಟಿದ್ದರು. ಆ ಮನೆಯ ಸಣ್ಣ ಹುಡುಗಿಗೆ ಮೈತುಂಬ ಗುಳ್ಳೆ ಎದ್ದಿದ್ದವು. ಡಾಕ್ಟರು ಅದಕ್ಕೆ ಏನೇ ಹೆಸರು ಹೇಳಲಿ, ನಮ್ಮ ಕಡೆ ಇಂದಿಗೂ ಅಮ್ಮ ಬಂದಳು ಎಂದೇ ಹೇಳುತ್ತಾರೆ. ಒಂದು ಬೆಳಿಗ್ಗೆ ಆ ಮನೆಯವರು ಹುಡುಗಿಗೆ ಎರೆಯಲೆಂದು ಬೇವು ಹಾಕಿ ನೀರು ಕಾಯಿಸುತ್ತಿದ್ದರು. ಆ ಕಹಿ ಹಬೆಯ ವಾಸನೆ ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಚೆಲ್ಲಿದರೂ ನನಗೆ ಗೊತ್ತಾಗಲಿಲ್ಲ. ನಿಮಗೂ ಎಂದಾದರೂ ಹೀಗೆ ಆಗಿರಬಹುದು. ಒಂದು ವಾಸನೆ ಬರುತ್ತದೆ, ಅದರ ಹಿಂದೆ ಈಗ ಇಲ್ಲದ ಒಂದು ಮನೆ ಇಡಿಯಾಗಿ ಎದ್ದು ನಿಲ್ಲುತ್ತದೆ. ನನ್ನ ಸೋದರತ್ತೆ ಗಂಗತ್ತಿ ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು.

ಆ ಮನೆ ಇದ್ದದ್ದು ಗಿಣಿಗೇರಿಯಲ್ಲಿ. ಉದ್ದಕ್ಕೆ ಮೂರು ಖೋಲಿ, ಹಿಂದೆ ಬಚ್ಚಲು, ಮುಂದೆ ಒಂದು ಕಟ್ಟೆ. ಫ್ಯಾಕ್ಟರಿಗಳ ಕರಿ ಧೂಳು ದಿನವೂ ಕಟ್ಟೆಯ ಮೇಲೆ ಕೂರುತ್ತಿತ್ತು, ಅವ್ವ ದಿನವೂ ಅದನ್ನು ತೊಳೆಯುತ್ತಿದ್ದಳು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ ಮತ್ತು ನಾನು. ಅಪ್ಪ ಒಂದು ಫ್ಯಾಕ್ಟರಿಯ ಕಾಟಾದಲ್ಲಿ ಗುಮಾಸ್ತ. ಅದಿರು ತುಂಬಿದ ಲಾರಿಗಳು ಬಂದರೆ ತೂಕ ಹಿಡಿದು ಚೀಟಿ ಬರೆದು ಕೊಡುವುದು ಅವನ ಕೆಲಸ. ಗಂಗತ್ತಿ ಅಪ್ಪನ ಒಬ್ಬಳೇ ತಂಗಿ. ಅವಳನ್ನು ನವಲಿಗೆ, ಭತ್ತ ಬೆಳೆಯುವ ಮನೆಗೆ ಕೊಟ್ಟಿದ್ದರು. ಶ್ರಾವಣ ಹುಟ್ಟಿತೆಂದರೆ ಅಪ್ಪ ಒಂದು ದಿನ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ತಂಗಿಯನ್ನು ನಾಗರಪಂಚಮಿಗೆ ಕರೆಯಲು ನವಲಿಗೆ ಹೋಗುತ್ತಿದ್ದ. ಅಣ್ಣನಾದವನು ಹೊಸ್ತಿಲಿಗೆ ಹೋಗಿ ಕರೆಯಬೇಕು, ಆಗಲೇ ತಂಗಿ ಹೊರಡಬೇಕು, ಅದು ನಮ್ಮ ಕಡೆಯ ರೀತಿ. ಪಂಚಮಿ ಹತ್ತಿರ ಬಂದಂತೆ ನವಲಿಯ ನಳದ ಹತ್ತಿರ ಹೆಂಗಸರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ನಿಮ್ಮಣ್ಣ ಯಾವತ್ತ ಬರ್ತಾನಬೇ?" ಕರೆಯಲು ಯಾರೂ ಬಾರದವಳು ವರ್ಷವಿಡೀ ಆ ಮಾತಿನ ಚುಚ್ಚು ತಿನ್ನಬೇಕು.

ಗಂಗತ್ತಿ ಬಂದಳೆಂದರೆ ನಮ್ಮ ಮನೆಗೆ ಹಬ್ಬ ಬಂದಂತೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ, ಬುಂದೆ ಉಂಡಿ, ಹೀಗೆ ಐದು ಬಗೆ ಆಗಲೇಬೇಕು. ಪಾಕ ಎಳೆ ಬಂತೋ ಇಲ್ಲವೋ ಎಂದು ಆಯಿ ಮತ್ತು ಅತ್ತಿ ಬೆರಳಿಗೆ ಹಚ್ಚಿಕೊಂಡು ವಾದಿಸುವರು. ತಾಟಿನಲ್ಲಿ ಐದೂ ಬಗೆ ಇಟ್ಟು, ಮೇಲೆ ಕ್ರೋಶಾದ ವಸ್ತ್ರ ಮುಚ್ಚಿ, ನಾನು ಓಣಿಯ ಮನೆಮನೆಗೆ ಕೊಟ್ಟುಬರಬೇಕು. ಅತ್ತಿ ಹೊರಡುವ ದಿನ ಹೊಸ ಸೀರೆ, ಮಗಳು ಮಂಜುಳಾಗೆ ಹೊಸ ಫ್ರಾಕು, ಒಂದು ಬುಟ್ಟಿ ಉಂಡಿ, ಕೊನೆಗೆ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ, ಕುಬಸದ ಅರಿವೆ ಉಡಿಯಲ್ಲಿ ಬೀಳುವಾಗ ಆಯಿಯ ಕಣ್ಣು ತುಂಬುತ್ತಿದ್ದವು. ಅತ್ತಿ ಮಾತ್ರ ನಗುತ್ತಾ, "ಸಾಕು ಬಿಡಬೇ, ಬಸ್ಸಿನ್ಯಾಗ ನನಗ ಎರಡು ಟಿಕೀಟ ಕೇಳ್ತಾನ" ಎನ್ನುತ್ತಿದ್ದಳು.

ನಾನು ಐದನೆಯ ತರಗತಿಯಲ್ಲಿದ್ದಾಗ ಅದಿರಿನ ಲಾರಿಗಳು ಬರುವುದು ನಿಂತಿತು. ಯಾಕೆ ನಿಂತಿತು ಎಂದು ದೊಡ್ಡವರು ಕಟ್ಟೆಯ ಮೇಲೆ ಕೂತು ಬೇರೆ ಬೇರೆ ಕಾರಣ ಹೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ: ನಮ್ಮ ಕಟ್ಟೆಯ ಮೇಲೆ ಧೂಳು ಕೂರುವುದು ಕಡಿಮೆಯಾಯಿತು, ಅಪ್ಪ ಮಧ್ಯಾಹ್ನವೇ ಮನೆಗೆ ಬರತೊಡಗಿದ. ತಿಂಗಳಲ್ಲಿ ಅರ್ಧ ದಿನಗಳು ಮಾತ್ರ ಕೆಲಸ. ನಮ್ಮ ಓಣಿಯಲ್ಲಿ ಯಾರೂ ಉಪವಾಸ ಬೀಳಲಿಲ್ಲ. ಆದರೆ ಶ್ರಾವಣ ಬಂದಾಗ ಎಲ್ಲರ ಮನೆಯಲ್ಲೂ ಏನೋ ಒಂದು ಸಣ್ಣದಾಯಿತು. ದರ್ಜಿಯ ಅಂಗಡಿಯಲ್ಲಿ ಹಳೆಯ ಬಟ್ಟೆ ಬಿಚ್ಚಿ ಹೊಲಿಯುವ ಕೆಲಸವೇ ಹೆಚ್ಚು. ಕಿರಾಣಿಯವನು ಶೇಂಗಾವನ್ನು ಪಾವು ಕಿಲೋ ಪೊಟ್ಟಣ ಕಟ್ಟಿ ಮೊದಲೇ ಇಟ್ಟಿದ್ದ. ಎರಡು ಮನೆಯವರು ಹಬ್ಬಕ್ಕೆ ಹಳ್ಳಿಗೆ ಹೋಗುತ್ತೇವೆಂದು ಬೀಗ ಹಾಕಿಕೊಂಡು ಹೋದರು. ಬರುವವರಿಗೆ, ಹೋಗುವವರಿಗೆ ಏನನ್ನೂ ಮಾಡಬೇಕಾಗಿಲ್ಲವಲ್ಲ. ಕಷ್ಟ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ.

ನಮ್ಮ ಮನೆಯಲ್ಲಿ ಆ ಉಪಾಯ ಹೇಳಿದ್ದು ಅವ್ವ. ಜೋಳ ಹಸನು ಮಾಡುತ್ತಾ, ತಲೆ ಎತ್ತದೆ, "ಹುಡುಗಿ ಮೈಮ್ಯಾಲ ಅಮ್ಮ ಎದ್ದಾಳಂತ ಹೇಳಿಬಿಡ್ರಿ" ಎಂದಳು. ಅಮ್ಮ ಬಂದ ಮನೆಯಲ್ಲಿ ಬಾಣಲೆ ಇಡುವಂತಿಲ್ಲ, ಕರಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಬೀಗರು ನೆಂಟರು ಬರುವಂತಿಲ್ಲ. ಹಬ್ಬ ತಾನಾಗಿಯೇ ನಿಲ್ಲುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಅಪ್ಪ ಮೊರದಿಂದ ಉದುರಿದ ನಾಲ್ಕು ಕಾಳು ಆರಿಸಿ ಮತ್ತೆ ಅದರಲ್ಲಿ ಹಾಕಿದ. ಆಮೇಲೆ, "ಬರಿಗೈಲೆ ಕರದು ಬರಿಗೈಲೆ ಕಳಸೂದಕ್ಕಿಂತ ಅದ ಛಲೋ" ಎಂದ. ಗಂಗತ್ತಿ ಬರಿಗೈಯಲ್ಲಿ ಹೋದರೂ ಬೇಸರಪಡುವವಳಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನವಲಿಯ ಮನೆಯಲ್ಲಿ ಅವಳ ಅತ್ತೆ ಬುಟ್ಟಿಯ ಮುಚ್ಚಳ ತೆಗೆದು ನೋಡುವವಳು.

ಆಯಿ ಒಬ್ಬಳೇ ಸಿಟ್ಟಾದಳು. "ಯಪ್ಪಾ, ಇಲ್ಲಂದ್ರ ಇಲ್ಲ ಅನ್ರಿ. ದೇವರ ಹೆಸರ ಹಿಡದು ಯಾಕ ಸುಳ್ಳಾಡ್ತೀರಿ? ನನ್ನ ಮಗಳು ಉಂಡಿ ತಿನ್ನಾಕ ಬರ್ತಾಳೇನು?"

ಅಪ್ಪ ಎದ್ದು ಹೊರಗೆ ಹೋಗಿ ಫೋನು ಹಚ್ಚಿದ. ಅವನ ದನಿ ಒಳಗೆ ಕೇಳುತ್ತಿತ್ತು. "ಈ ಸರ್ತಿ ಕರಿಯಾಕ ಬರೂದು ಆಗಂಗಿಲ್ಲವ್ವಾ ಗಂಗಾ... ಹೌದು, ಹುಡುಗಿಗೇ... ಭಾಳ ಐತಿ." ಅವನು ಒಳಗೆ ಬಂದಾಗ ಆಯಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು. "ಹೆಸರ ಕರದು ಆತಲ್ಲ? ಇನ್ನ ಆಕಿ ನೇಮ ನಡಸ್ರಿ. ಒಂಬತ್ತ ದಿನ, ಒಂದೂ ಬಿಡಂಗಿಲ್ಲ."

ಹಾಗಾಗಿ ನಮ್ಮ ಮನೆಗೆ ಬಾರದ ಅಮ್ಮನಿಗೆ ನಾವು ನೇಮ ನಡೆಸಿದೆವು. ಬಾಗಿಲಿಗೆ ಬೇವು ಕಟ್ಟಿದರು. ನಡುವಿನ ಖೋಲಿಯಲ್ಲಿ ಚಾಪೆ ಹಾಸಿ, ಬೇವಿನ ಎಲೆ ಉದುರಿಸಿ, ಏನೂ ಆಗದ ನನ್ನನ್ನು ಮಲಗಿಸಿದರು. ಸಾಲಿ ಇಲ್ಲ, ಓಣಿ ಇಲ್ಲ. ಒಗ್ಗರಣೆ ಇಲ್ಲದ ಬೇಳೆ, ಸಪ್ಪನೆಯ ಮೊಸರನ್ನ. ಆಯಿ ದಿನವೂ ನಸುಕಿನಲ್ಲಿ ನನ್ನ ತಲೆಯ ಹತ್ತಿರ ತಂಬಿಗೆ ನೀರಿಟ್ಟು ಕೈಮುಗಿದು ತುಟಿ ಅಲುಗಿಸುತ್ತಿದ್ದಳು. ತಪ್ಪಾಯಿತು ಎಂದು ಬೇಡುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಎದುರು ಮನೆಯ ಬಸಮ್ಮ ಬಾಗಿಲಾಚೆಯಿಂದಲೇ ಕೂಗಿ ಕೇಳಿದಳು. "ಶ್ರಾವಣದಾಗ ಎಲ್ಲೆರ ಅಮ್ಮ ಬರ್ತಾಳೇನವ್ವಾ? ಬ್ಯಾಸಗಿಗೆ ಬರಾಕಿ, ಬಸ್ಸ ತಪ್ಪಿಸ್ಕೊಂಡಾಳೇನ?" ಅವ್ವ ಒಳಗೆ ಪಾತ್ರೆ ಸದ್ದು ಮಾಡಿದಳು. ಮೂರನೆಯ ದಿನ ಬಸಮ್ಮನ ಬಾಗಿಲಿಗೂ ಬೇವು ಬಂತು. ಅವಳ ಮನೆಯಲ್ಲಿ ಯಾರಿಗೆ ಅಮ್ಮ ಬಂದಿದ್ದಳೆಂದು ನಾವು ಕೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಕಟ್ಟೆಯಿಂದ ಒಂದು ದನಿ ಬಂತು. "ವೈನೀ, ಕಾಲಿಗೆ ನೀರ ಕೊಡ್ರಿ." ಅತ್ತಿಗೆಯಾದ ಅವ್ವನನ್ನು ವೈನಿ ಎಂದು ಕರೆಯುವವಳು ಒಬ್ಬಳೇ, ಗಂಗತ್ತಿ! ಕರೆಯಲು ಯಾರೂ ಹೋಗದೆ, ಒಬ್ಬಳೇ, ಗಂಗಾವತಿಯಲ್ಲಿ ಬಸ್ಸು ಬದಲಿಸಿಕೊಂಡು ಬಂದಿದ್ದಳು. ನವಲಿಯಲ್ಲಿ ನಾಟಿಯ ಹಂಗಾಮು. ಅವಳ ಉಗುರ ಸಂದಿಯಲ್ಲಿ ಗದ್ದೆಯ ರಾಡಿ ಇನ್ನೂ ಇತ್ತು. ಮಂಜುಳಾ ಸಣ್ಣವಳು, ಅವಳಿಗೆ ತಾಗೀತೆಂದು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಕೈಯಲ್ಲಿ ಒಂದು ಡಬ್ಬಿ ಮೊಸರು, ಎರಡು ಎಳನೀರು, ಬಗಲಲ್ಲಿ ತೊಳೆದು ತೊಳೆದು ಬೆಣ್ಣೆಯಂತೆ ಮೆತ್ತಗಾದ ಒಂದು ಹಳೆಯ ನೂಲಿನ ಸೀರೆ. "ಚಾಪಿ ಚುಚ್ಚತೈತಿ ಕೂಸಿಗೆ, ಇದನ್ನ ಹಾಸ್ರಿ. ನನಗೇನೂ ಆಗಂಗಿಲ್ಲ, ಸಣ್ಣಾಕಿದ್ದಾಗ ನನ್ನ ಮೈಮ್ಯಾಲ ಬಂದು ಹೋಗ್ಯಾಳ ಆಕಿ" ಎನ್ನುತ್ತಲೇ ಒಳಗೆ ಬಂದಳು.

ಅವ್ವ ಹೇಳಿಕೊಟ್ಟಂತೆ ನಾನು ಕಣ್ಣು ಮುಚ್ಚಿ ಮಲಗಿದ್ದೆ. ಅವಳ ಕೈ ನನ್ನ ಹಣೆಯ ಮೇಲೆ ಬಂತು. ಜ್ವರ ಇರಲಿಲ್ಲ. ಕೆನ್ನೆ ಸವರಿತು. ತೋಳು ತಿರುಗಿಸಿ ನೋಡಿದಳು, ಬೆನ್ನಿನ ಮೇಲಿನ ಅಂಗಿ ಮೆಲ್ಲಗೆ ಎತ್ತಿದಳು. ಆ ಒರಟು ಅಂಗೈ ನನ್ನ ಬೆನ್ನಿನ ಮೇಲೆ ಒಂದು ಕಡೆ ನಿಂತುಬಿಟ್ಟಿತು. ಅಡುಗೆಮನೆಯಲ್ಲಿ ಅವ್ವನ ಬಳೆಯ ಸದ್ದು ಕೂಡ ನಿಂತಿತು. ಸುಳ್ಳು ಸಿಕ್ಕಿಬಿತ್ತು, ಈಗ ಜಗಳವಾಗುತ್ತದೆ ಎಂದುಕೊಂಡು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ. ಅತ್ತಿ ಅಂಗಿ ಕೆಳಗೆಳೆದು, ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಭಾಳ ಸಣ್ಣಾಗಿ ಎದ್ದಾಳ ವೈನಿ. ಒಮ್ಮಿಗೇ ಕಣ್ಣಿಗೆ ಕಾಣಂಗಿಲ್ಲ."

ಅವ್ವ ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತಳು. ಅವಳ ಬೆನ್ನು ಅಲುಗುತ್ತಿತ್ತು. ಅತ್ತಿ ತಾನು ತಂದ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ಹಾಸಿದಳು. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಬಾಗಿಲಲ್ಲಿ ತಂಗಿಯ ಚಪ್ಪಲಿ ನೋಡಿ ಒಳಗೆ ಬಾರದೆ ಕಟ್ಟೆಯ ಮೇಲೆಯೇ ನಿಂತ. "ಯಣ್ಣಾ, ನಿನ್ನ ಮನೀಗೆ ನಿನ್ನ ಕರಿಯಾಕ ಯಾರ ಬರ್ಬೇಕು? ಒಳಗ ಬಾ" ಎಂದು ಅವಳೇ ಕರೆದಳು. ಅವನು ಬಂದು ಗೋಡೆಗೆ ಒರಗಿ ಕೂತ. "ಲಾರಿ ಬರಾಕತ್ಯಾವೇನು?" ಎಂದು ಕೇಳಿದಳು. "ಇಲ್ಲ" ಎಂದ. ಅಣ್ಣತಂಗಿಯರ ನಡುವೆ ಆ ವಿಷಯದಲ್ಲಿ ನಡೆದ ಮಾತು ಅಷ್ಟೇ.

ಮರುದಿನ ಬೆಳಿಗ್ಗೆ ಅತ್ತಿ ಮನೆಯಲ್ಲಿದ್ದ ಒಂದು ಹಿಡಿ ಎಳ್ಳಿಗೆ ಬೆಲ್ಲ ಹಾಕಿ ಒರಳಲ್ಲಿ ಕುಟ್ಟಿ ಚಿಗಳಿ ಮಾಡಿದಳು. "ಬೆಂಕಿ ತೋರಿಸಿಲ್ಲಬೇ, ನಿನ್ನ ನೇಮ ಏನೂ ಮುರಿಯಂಗಿಲ್ಲ" ಎಂದು ಆಯಿಗೆ ಹೇಳಿ, ಪುಟ್ಟ ಪುಟ್ಟ ಉಂಡೆ ಕಟ್ಟಿ ಎಲ್ಲರ ಕೈಗೂ ಒಂದೊಂದು ಇಟ್ಟಳು. ಆ ವರ್ಷದ ಪಂಚಮಿ ನಮಗೆ ಆ ಒಂದು ಉಂಡೆ. ಎಣ್ಣೆ ಬಿಟ್ಟ ಎಳ್ಳು, ಪೂರ್ತಿ ಕರಗದ ಬೆಲ್ಲದ ಹರಳು, ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಯಿತು. ಆಮೇಲೆ ಅವಳು ಹೊರಟಳು. ಆಯಿ ಅಕ್ಕಿಯ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ಅಮ್ಮ ಇರುವ ಮನೆಯಲ್ಲಿ ಉಡಿ ತುಂಬುವಂತಿಲ್ಲ, ಹೋಗಿಬರುತ್ತೇನೆ ಎಂದು ಹೇಳಿ ಹೊರಡುವಂತೆಯೂ ಇಲ್ಲ. ಆ ನೇಮವೆಲ್ಲ ಹಾಕಿದವಳು ಆಯಿಯೇ. ಗಂಗತ್ತಿ ಏನೂ ಹೇಳದೆ, ಹಿಂದಿರುಗಿ ನೋಡದೆ, ಬೇವಿನ ತೊಪ್ಪಲನ್ನು ಕೈಯಲ್ಲಿ ಸರಿಸಿ ಹೊರಗೆ ನಡೆದಳು. ಬಸ್ಸಿನ ಹಾರ್ನು ಕೇಳುವವರೆಗೂ ಆಯಿ ಡಬ್ಬಿಯ ಮುಚ್ಚಳ ಹಾಕಲಿಲ್ಲ.

ಮುಂದಿನ ವರ್ಷ ಲಾರಿಗಳು ಬಂದವು. ಅಪ್ಪ ಇಸ್ತ್ರಿ ಅಂಗಿ ತೊಟ್ಟು ನವಲಿಗೆ ಹೋಗಿ ತಂಗಿಯನ್ನು ಕರೆತಂದ, ಐದು ಬಗೆಯ ಉಂಡಿಯೂ ಆಯಿತು, ಉಡಿಯೂ ತುಂಬಿತು. ಆದರೆ ತುಂಬಿದವಳು ಅವ್ವ. ಆಯಿ ನಡುವಿನ ಚಳಿಗಾಲದಲ್ಲೇ ತೀರಿಹೋಗಿದ್ದಳು. ತಾಯಿ ಮಗಳಿಗೆ ಒಟ್ಟಿಗೆ ಸಿಗಬಹುದಾಗಿದ್ದ ಕೊನೆಯ ಪಂಚಮಿಯನ್ನು ನಾವು ಬೇವು ಕಟ್ಟಿ ಮುಚ್ಚಿದ್ದೆವು. ಇದು ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಬೆಳೆಯುತ್ತಾ ನನಗೂ ಗೊತ್ತಾಯಿತು. ಗಂಗತ್ತಿ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಮೇಲೆ ಕಾಟಾಕ್ಕೆ ಕಂಪ್ಯೂಟರ್ ಬಂತು, ಅಪ್ಪ ಕೆಲಸ ಬಿಟ್ಟ. ಗಿಣಿಗೇರಿಯ ಮನೆ ಮಾರಿ ಕೊಪ್ಪಳಕ್ಕೆ ಬಂದೆವು. ಅವ್ವನೂ ಹೋದಳು. ಗಂಗತ್ತಿಯನ್ನು ಒಮ್ಮೆ ಕೇಳಬೇಕು, ಅವತ್ತು ನಿನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಬೇಕು ಅಂದುಕೊಂಡೇ ಇದ್ದೆ. ಕೇಳುವುದು ಆಗಲಿಲ್ಲ.

ಅವಳು ತೀರಿಕೊಂಡ ಮೇಲೆ ಮೂರನೆಯ ದಿನಕ್ಕೆ ಅಪ್ಪನನ್ನು ಕರೆದುಕೊಂಡು ನವಲಿಗೆ ಹೋಗಿದ್ದೆ. ಬಂದವರೆಲ್ಲ ಚದುರಿದ ಮೇಲೆ ಮಂಜುಳಾ ನನ್ನ ಪಕ್ಕ ಬಂದು ಕೂತಳು. ಅಪ್ಪ ತುಸು ದೂರದಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಕ್ಕಾ, ನಿಮಗ ಸಣ್ಣಾಕಿದ್ದಾಗ ಅಮ್ಮ ಭಾಳ ಜೋರ ಎದ್ದಿದ್ಳಂತಲ್ರಿ. ನಿಮ್ಮಲ್ಲಿಂದ ಬಂದು ನಮ್ಮವ್ವ ಒಂಬತ್ತ ದಿನ ಹೊರಗ ದನದ ಪಡಸಾಲಿಯೊಳಗ ಮಲಗಿದ್ಳು. ಅಮ್ಮ ಇದ್ದ ಮನಿಯಿಂದ ಬಂದೀ ಅಂತ ನಮ್ಮಪ್ಪನ ಅವ್ವ ಒಳಗ ಬಿಡಲಿಲ್ಲ. ಪಂಚಮಿ ದಿನಾನೂ ಆಕಿಗೆ ಮೊಸರನ್ನನ. ನಾನು ಅಳ್ಕೋತ ಹೋದ್ರ, ಮುಟ್ಟಬ್ಯಾಡ, ಅಕ್ಕನ ಮೈಯಾಗಿನ ಅಮ್ಮ ಇನ್ನೂ ಇಳದಿಲ್ಲ ಅಂತಿದ್ಳು. ಅಷ್ಟ ಜೋರ ಬಂದ್ರೂ ನೋಡ್ರಿ, ನಿಮ್ಮ ಮುಖದ ಮ್ಯಾಲ ಒಂದ ಕಲಿ ಉಳದಿಲ್ಲ."

ಹುಡುಗಿಗೆ ಏನೂ ಆಗಿಲ್ಲ ಎಂದು ಅತ್ತಿ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು, ತನ್ನ ಮಗಳನ್ನು ಎತ್ತಿಕೊಂಡು ಒಳಗೆ ಮಲಗಬಹುದಿತ್ತು. ಆ ಮಾತು ಆಡಿದ್ದರೆ ಗಿಣಿಗೇರಿಯ ಅಣ್ಣ ಯಾಕೆ ಕರೆಯಲಿಲ್ಲ ಎಂಬುದು ನವಲಿಗೆಲ್ಲ ತಿಳಿಯುತ್ತಿತ್ತು. ನಾನು ಅಪ್ಪನ ಕಡೆ ನೋಡಿದೆ. ಅವನಿಗೆ ಕೇಳಿಸಿತ್ತು. ಮೇಲಕ್ಕೆ ಏಳಲು ಕಂಬ ಹಿಡಿದುಕೊಂಡ, ಆಗಲಿಲ್ಲ, ಮತ್ತೆ ಕೂತ.

"ನಿಮ್ಮವ್ವನ ಆರೈಕಿ ಮಂಜೂ" ಎಂದೆ. "ಆಕಿ ಬಂದು ನೋಡ್ಕೊಂಡಿದ್ದಕ್ಕ ಕಲಿ ಬೀಳಲಿಲ್ಲ."