ಕೆಳಗಿನ ಮನೆಯ ಎತ್ತಿಗೆ ಬೆಳಗಿದ ಆರತಿ

ಈ ವರ್ಷ ಕಾರಹುಣ್ಣಿಮೆಯ ದಿನ ನನ್ನನ್ನು ಯಾರೂ ಚೇಷ್ಟೆ ಮಾಡಲಿಲ್ಲ. ಯಜಮಾನರು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಅವರಿದ್ದಾಗ, ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಆ ದಿನ ಬೆಳಗಿನ ಚಹಾದ ಜೊತೆಗೇ ಅದು ಶುರುವಾಗುತ್ತಿತ್ತು.

"ಹೊರಗ ಯಾರದೋ ಆಕಳ ನಿಂತೈತಿ. ಆರತಿ ತಗೊಂಡು ಓಡಿಗೀಡಿ ಮತ್ತ."

"ಓಡ್ತೇನಿ. ನೀವು ಬಡಿಗಿ ಹಿಡಕೊಂಡು ಹಿಂದ ಬರ್ರಿ."

ನಲವತ್ತು ವರ್ಷ ಇದೇ ಮಾತಿಗೆ ನಕ್ಕೆವು. ಆದರೆ ನಗುವ ಸಂಗತಿ ಅದಾಗಿರಲಿಲ್ಲ. ನಾನು ಬೆಳಗಿದ ಒಂದು ಆರತಿಯಿಂದ ಎರಡು ಮನೆಗಳು ಹೊಡೆದಾಡಿದ್ದವು, ಯಜಮಾನರ ಎಡಗೈ ಮುರಿದಿತ್ತು. ಆ ಆರತಿಯ ಬಗ್ಗೆ ಒಂದು ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ಅವರೇ ಹೋದರು.

ಅವರ ಊರು ಸುಳ್ಳ ಗ್ರಾಮದ ಕಡೆಯ ಒಂದು ಸಣ್ಣ ಹಳ್ಳಿ. ಅಲ್ಲಿಯ ಹಳೆಯ ಗೌಡರಿಗೆ ಮಕ್ಕಳಿರಲಿಲ್ಲ. ಹೆಂಡತಿಯ ತವರಿನಿಂದ ಒಬ್ಬ ಹುಡುಗನನ್ನು ದತ್ತಕ ತಂದರು. ಆ ಹುಡುಗನೇ ನನ್ನ ಮಾವ. ಗೌಡರ ಸ್ವಂತ ತಮ್ಮನಿಗೆ ಇದು ಸೇರಲಿಲ್ಲ. ಊರಾಳುವ ಗೌಡಕಿ ರಕ್ತಕ್ಕೆ ಬರಬೇಕು, ಕಾಗದಕ್ಕಲ್ಲ ಎಂದು ಅವರು ಬೇರೆಯಾದರು. ಅಂದಿನಿಂದ ನಮ್ಮದು ಮೇಲಿನ ಮನೆ, ಅವರದು ಕೆಳಗಿನ ಮನೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುತ್ತಿರಲಿಲ್ಲ.

ನಾನು ಸೊಸೆಯಾಗಿ ಹೋಗುವ ಹೊತ್ತಿಗೆ ಸರಕಾರ ಗೌಡಕಿಯನ್ನೇ ತೆಗೆದುಹಾಕಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಒಂದು ಮಾನ ಮಾತ್ರ. ಕಾರಹುಣ್ಣಿಮೆಯ ಸಂಜೆ ಊರ ಹೆಬ್ಬಾಗಿಲಾದ ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದಕ್ಕೆ ಕರಿ ಎನ್ನುತ್ತೇವೆ. ಎತ್ತುಗಳು ಓಡಿಬಂದು ಅದನ್ನು ಹರಿಯಬೇಕು, ಮೊದಲು ಓಡುವುದು ಗೌಡರ ಎತ್ತು. ಮೇಲಿನ ಮನೆಯ ಹೊಸ್ತಿಲಲ್ಲಿ ಸೊಸೆ ಯಾವ ಜೋಡಿಗೆ ಆರತಿ ಬೆಳಗುತ್ತಾಳೋ ಅದೇ ಗೌಡರ ಎತ್ತು ಎಂದು ಊರು ಒಪ್ಪಿತ್ತು.

ನನ್ನ ತವರು ಅಮರಗೋಳ. ಅಪ್ಪನದು ಕಿರಾಣಿ ಅಂಗಡಿ. ಮನೆಯಲ್ಲಿ ದನ ಕಟ್ಟಿದವರಲ್ಲ. ಮದುವೆಯಾದ ನಾಲ್ಕನೇ ತಿಂಗಳಿಗೆ ಕಾರಹುಣ್ಣಿಮೆ ಬಂತು. ಗಂಡಸರು ಎತ್ತು ಮೈತೊಳೆಯಲು ಹಳ್ಳಕ್ಕೆ ಹೋಗಿದ್ದರು. ಅತ್ತೆ ಒಳಗೆ ಕಡಬು ಬೇಯಿಸುತ್ತಿದ್ದರು. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹುರಮಂಜಿನ ಕೆಂಪು ಬಣ್ಣ ಬಳಿದ, ಗೆಜ್ಜೆ ಕಟ್ಟಿದ ಒಂದು ಜೋಡಿ ಬಂದು ನಿಂತಿತು. ಹಗ್ಗ ಹಿಡಿದಿದ್ದವನು ಕೆಳಗಿನ ಮನೆಯ ಹಿರಿಯ ಮಗ, ವರಸೆಯಲ್ಲಿ ನನಗೆ ಮೈದುನ.

"ಲಗೂ ಬೆಳಗ್ರಿ ಅತ್ತಿಗಿ, ಹೊತ್ತಾತು," ಎಂದ.

ಬೆಳಗಿದೆ.

ಆರತಿ ಆದದ್ದು ನಮ್ಮ ಎತ್ತಿಗೆ, ಮೊದಲು ಓಡುವುದು ನಾವೇ ಎಂದು ಕೆಳಗಿನ ಮನೆಯವರು ಅಗಸಿಯಲ್ಲಿ ನಿಂತರು; ನಮ್ಮವರು ಬಡಿಗೆ ಎತ್ತಿದರು. ಜಗಳ ಬಹಳ ಹೊತ್ತು ನಡೆಯಲಿಲ್ಲ. ನಾವು ಹೆಂಗಸರು ಮಾಳಿಗೆ ಹತ್ತಿ ನೋಡಿದೆವು. ಎಲ್ಲರ ತಲೆಗೂ ಅದೇ ಪಟಕಾ, ಅದೇ ಹುರಮಂಜಿನ ಕಲೆಯ ಧೋತರ. ಧೂಳಿನಲ್ಲಿ ನಮ್ಮವರಾರು, ಅವರವರಾರು ತಿಳಿಯಲಿಲ್ಲ. ಬಡಿಗೆಗಳ ಸಪ್ಪಳಕ್ಕೆ ಬೆದರಿದ ಎರಡೂ ಜೋಡಿ ಎತ್ತುಗಳು ಓಡಿಹೋಗಿ, ಒಂದೇ ಹೊಲದಲ್ಲಿ ಹೆಸರುಕಾಳಿನ ಸಸಿ ಮೇಯುತ್ತಿದ್ದವು. ಅಷ್ಟರಲ್ಲಿ ಊರ ಕುಂಬಾರನ ಒಂಟಿ ಎತ್ತು ತನ್ನಷ್ಟಕ್ಕೆ ಅಗಸಿಯೊಳಗೆ ನಡೆದು ಬಂತು. ಕರಿ ಅದರ ಕೊಂಬಿಗೆ ಸಿಕ್ಕು ಹರಿಯಿತು. ಮುಂದಿನ ವರ್ಷದಿಂದ ಎರಡೂ ಮನೆಯವರು ಅಗಸಿಗೆ ಬರಬೇಡಿ, ಕುಂಬಾರನ ಎತ್ತೇ ಮೊದಲು ಎಂದು ಹಿರಿಯರು ತೀರ್ಮಾನಿಸಿದರು. ಗೌಡಕಿ ಅಲ್ಲಿಗೆ ಮುಗಿಯಿತು.

ಯಜಮಾನರನ್ನು ಎತ್ತಿಕೊಂಡು ಬಂದರು. ಎಡಗೈ ಮೊಣಕೈಯಲ್ಲಿ ಮುರಿದು ಹೊರಳಿತ್ತು. ಅತ್ತೆ ನನ್ನ ಮೇಲೆ ಹರಿಹಾಯ್ದರು. "ನಿನ್ನ ಕಣ್ಣಿಗೆ ಏನ ಬಡದಿತ್ತs? ಮನಿ ಎತ್ತಿನ ಗುರುತ ಸಿಗಲಿಲ್ಲ ನಿನಗ?"

ಯಜಮಾನರು ನೋವಿನಲ್ಲೇ ಹೇಳಿದರು: "ಬಿಡಬೇ ಯವ್ವಾ. ಪ್ಯಾಟಿ ಹುಡುಗಿ. ಆಕಿಗೆ ಎತ್ತೂ ಒಂದs, ಎಮ್ಮಿನೂ ಒಂದs."

ಸುತ್ತ ನಿಂತವರು ನಕ್ಕರು. ಆ ನಗುವೇ ನನ್ನನ್ನು ಆ ಮನೆಯಲ್ಲಿ ಉಳಿಸಿತು.

ಆದರೆ ನನಗೆ ಗುರುತು ಸಿಕ್ಕಿತ್ತು. ನಮ್ಮ ಎಡಗಡೆಯ ಎತ್ತಿನ ಕಿವಿ ತುದಿಯಲ್ಲಿ ಹರಿದಿತ್ತು. ದಿನಾ ಸಂಜೆ ಅದಕ್ಕೆ ಬೆಲ್ಲ ತಿನ್ನಿಸುವವಳು ನಾನೇ. ಬಂದದ್ದು ಬೇರೆ ಜೋಡಿ ಎಂದು ಗೊತ್ತಿದ್ದೇ ಬೆಳಗಿದೆ. ಇದನ್ನೇ ನಾನು ಹೇಳಿರಲಿಲ್ಲ.

ಮರುವರ್ಷ ಹುಬ್ಬಳ್ಳಿಗೆ ಬಂದೆವು. ಅಮರಗೋಳದ ಮಾರುಕಟ್ಟೆಯಲ್ಲಿ ಅವರಿಗೆ ತೂಕ ಮಾಡುವ ಕೆಲಸ ಸಿಕ್ಕಿತು. ಸಂಜೆ ಮೆಣಸಿನಕಾಯಿ ಘಾಟು ಹೊತ್ತು ಬರುತ್ತಿದ್ದರು. ಅವರು ಅಂಗಿ ಬಿಚ್ಚಿದರೆ ಇಬ್ಬರೂ ಸೀನುತ್ತಿದ್ದೆವು. ಸೊಟ್ಟಗೆ ಕೂಡಿದ ಕೈಗೆ ನಾನು ಎಣ್ಣೆ ತಿಕ್ಕುತ್ತಿದ್ದೆ. ಆಗೆಲ್ಲ ಮಾತು ಬಾಯಿಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಅವರು ಎಮ್ಮೆಯ ಸುದ್ದಿ ತೆಗೆದು ಚೇಷ್ಟೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ, ಅವರ ಪೇಟೆ ಹುಡುಗಿಯಾಗಿ ಇರುವುದು ನನಗೆ ಹಿತವಾಗಿತ್ತು.

ಈ ಕಾರಹುಣ್ಣಿಮೆಯ ಮಧ್ಯಾಹ್ನ ಆ ಮೈದುನ ನಮ್ಮ ಮನೆಗೆ ಬಂದ. ಯಜಮಾನರನ್ನು ಮಣ್ಣು ಮಾಡುವಾಗ ಬಂದು ದೂರ ನಿಂತು ಹೋಗಿದ್ದ. ಈಗ ಕುರ್ಚಿಯ ತುದಿಯಲ್ಲಿ ಕುಳಿತು, ಟೋಪಿ ತೆಗೆದು ಮಡಚಿದ.

"ಅತ್ತಿಗಿ, ಅವತ್ತ ಹಳ್ಳದಾಗ ನಿಮ್ಮ ಎತ್ತಿನ ಹಗ್ಗಾ ಬಿಚ್ಚಿ ಓಡಿಸಿದಾಂವ ನಾನs. ನೀವು ಹೊಸಾಬರು, ಗುರುತ ಹಿಡ್ಯಾಂಗಿಲ್ಲ ಅಂತ ತಿಳದಿದ್ದೆ."

"ಗುರುತ ಹಿಡದಿದ್ದೆ," ಎಂದೆ. ನಲವತ್ತು ವರ್ಷ ಬಾರದ ಮಾತು ಇವನ ಮುಂದೆ ಸಲೀಸಾಗಿ ಬಂತು. "ಬಾಗಿಲಕ ಬಂದು ನಿಂತಿದ್ರಿ. ಹೊಳ್ಳಿ ಹೋಗ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ. ಅವರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ."

ಅವನಿಗೆ ಆಶ್ಚರ್ಯವಾಗಲಿಲ್ಲ.

"ಅಣ್ಣಗ ಗೊತ್ತಿತ್ತ್ರಿ. ಒಮ್ಮೆ ಮಾರ್ಕೆಟ್ಟಿಗೆ ಮಾಲು ತಂದಾಗ ತಕ್ಕಡಿ ಮುಂದ ನಾ ತಪ್ಪು ಒಪ್ಪಿಕೊಂಡೆ. ಅಂವ ನಕ್ಕ. ‘ನೀ ಮೋಸಾ ಮಾಡಿದಿ ಅಂತ ತಿಳಕೊಂಡೀಯೇನು? ದಿನಾ ಎತ್ತಿಗೆ ಬೆಲ್ಲಾ ತಿನಸಾಕಿ, ಆಕಿಗೆ ಪಕ್ಕಾ ಗುರುತಿತ್ತು. ಆಕಿ ಮುಂದ ಅನಬ್ಯಾಡ, ಅಳತಾಳ’ ಅಂದ."

ಮನಸ್ಸು ಹಗುರವಾಗಬೇಕಿತ್ತು. ನನಗೆ ಸಿಟ್ಟು ಬಂತು. ಗೊತ್ತಿದ್ದರೆ ಒಂದು ಸಲವಾದರೂ ಬೈಯಬಹುದಿತ್ತಲ್ಲ, ನಾನೂ ಅತ್ತು ಮುಗಿಸುತ್ತಿದ್ದೆ. ಅವರ ಜೊತೆ ಜಗಳವಾಡಬೇಕೆಂದು ಇಷ್ಟು ಬಲವಾಗಿ ಅನಿಸಿದ್ದು, ಅವರು ಹೋದಮೇಲೆ ಅದೇ ಮೊದಲು.

ಮೈದುನ ಏಳಲು ಹೊರಟ. ಈ ವರ್ಷ ನಮಗೆ ಹಬ್ಬವಿಲ್ಲ, ಅನ್ನ ಸಾರು ಅಷ್ಟೇ, ಊಟಕ್ಕ ಕೂಡ್ರಿ ಎಂದೆ. ಮೇಲಿನ ಮನೆಯ ನೀರು ಎಂದೂ ಮುಟ್ಟದ ಅವನು ಕೈ ತೊಳೆಯಲು ಬಚ್ಚಲಿಗೆ ಹೋದ.