ಎಡಗಾಲಿಗೆ ಒಗ್ಗದ ಲಾರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ನಾಚಿಕೆ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಎಡ ಮಂಡಿಯಲ್ಲಿ ಎನ್ನಬೇಕಾಗುತ್ತಿತ್ತು.

ಮೀಸೆ ಬಂದಾಗಿನಿಂದ ಲಾರಿ ಓಡಿಸಿದವನು ನಾನು. ಹುಲಿಕಲ್ ಘಾಟಿಯಲ್ಲಿ ಜಲ್ಲಿ, ಮರಳು, ಮರದ ನಾಟಾ ಎಲ್ಲ ಹತ್ತಿಸಿ ಇಳಿಸಿದ್ದೇನೆ. ಆದರೆ ಈಚೆಗೆ ಕ್ಲಚ್ ಒತ್ತಿ ಹಿಡಿದರೆ ಎಡಗಾಲು ಗಡಗಡ ನಡುಗುತ್ತಿತ್ತು. ಸೊಂಟ ನೋವು ಎಂದು ಹೆಂಡತಿಗೆ ಹೇಳಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೆ. ಡ್ರೈವರಿಗೆ ಸೊಂಟ ನೋವು ಬಂದರೆ ಮರ್ಯಾದೆಗೇನೂ ಕಡಿಮೆಯಿಲ್ಲ. ಕ್ಲಚ್ ಒತ್ತಲಾಗುವುದಿಲ್ಲ ಎಂದು ಗೊತ್ತಾದರೆ ಮಾತ್ರ ಮುಗಿಯಿತು, ಆಮೇಲೆ ಜಗಲಿಯಲ್ಲಿ ಕೂತು ಪೇಪರ್ ಓದುವುದೇ ಕೆಲಸ. ಆ ಬಾಳು ನನಗೆ ಬೇಡವಾಗಿತ್ತು.

ಅದೇ ಹೊತ್ತಿಗೆ ನನ್ನ ಭಾಮೈದ ಒಂದು ಯೋಚನೆ ಮಾಡಿದ. ಸಾಗರದಲ್ಲಿ ಅವನದು ವೆಲ್ಡಿಂಗ್ ಶೆಡ್ಡು. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ, ಚರಂಡಿಗೆ ಇಳಿದರೆ, ಎಳೆಯುವ ಗಾಡಿ ದೂರದಿಂದ ಬರಬೇಕು. ಒಂದು ಹಳೇ ಲಾರಿ ತಂದು, ಹಿಂದಿನ ಬಾಡಿ ಬಿಚ್ಚಿ, ಎತ್ತುವ ತೋಳು, ಎಳೆಯುವ ರೋಪು ತಾನೇ ಕೂರಿಸುತ್ತೇನೆ, ಓಡಿಸುವುದು ಭಾವ ಎಂದ. ಹೊಸನಗರದ ನಮ್ಮ ಮನೆಯಲ್ಲೇ ಕೂತು ಎರಡು ಲಾರಿಗಳ ಫೋಟೋ ತೋರಿಸಿದ.

ಒಂದು ತೀರ್ಥಹಳ್ಳಿಯಲ್ಲಿತ್ತು. ಹತ್ತು ಚಕ್ರದ್ದು, ಕಲ್ಲುಕ್ವಾರಿಯಲ್ಲಿ ದುಡಿದದ್ದು. ಲೋಡಾದ ಲಾರಿಯನ್ನೂ ಎಳೆಯುವ ತಾಕತ್ತಿನ ಗಾಡಿ, ಆದರೆ ಕ್ಲಚ್ ಕಲ್ಲಿನ ಹಾಗೆ. ಇನ್ನೊಂದು ಸಾಗರದ್ದೇ. ಆರು ಚಕ್ರ, ಈಚಿನ ಮಾಡೆಲ್ಲು, ಕ್ಲಚ್ ಹತ್ತಿಯ ಹಾಗೆ. ಅದಕ್ಕೆ ಕಾರು, ಜೀಪು, ಹೆಚ್ಚೆಂದರೆ ಖಾಲಿ ಲಾರಿ ಎಳೆಯುವಷ್ಟು ಶಕ್ತಿ.

"ಸಾಗರದ್ದೂ ನೋಡಿ ಭಾವ. ಓಡಿಸೋರು ನೀವು, ನೀವು ಹೇಳಿದ್ದೇ ಫೈನಲ್" ಎಂದ.

ನನ್ನ ಜೀವ ಸಾಗರದ್ದಕ್ಕೇ ಹಾತೊರೆಯುತ್ತಿತ್ತು. ಆದರೆ ಅದನ್ನು ಒಪ್ಪಿದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಹೆದರಿಕೆ. ಬಾಯಿಗೆ ಬಂದದ್ದೇ ಬೇರೆ. "ಇದೆಂತ ಮಾರಾಯ, ಇದನ್ನ ಎಳೆಯಕ್ಕೇ ಇನ್ನೊಂದು ಕ್ರೇನ್ ಬೇಕಲ. ಗಂಡಸ್ರು ಓಡ್ಸೋ ಗಾಡಿ ತೋರ್ಸು" ಎಂದೆ. ಅವನು ಪೆಚ್ಚಾದ. ಆದರೂ ತೀರ್ಥಹಳ್ಳಿಗೆ ಯಾವಾಗ ಹೋಗೋಣ ಎಂದಾಗಲೆಲ್ಲ ನಾನು ಏನಾದರೊಂದು ನೆಪ ತೆಗೆದು ಅವನ ಮೇಲೇ ರೇಗುತ್ತಿದ್ದೆ. ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ.

ಕೊನೆಗೆ ನನ್ನ ಹೆಂಡತಿ, "ಜಗಳ ಯಾಕೆ, ಚೌಡಮ್ಮನ ಹತ್ರ ಪ್ರಸಾದ ಕೇಳನ" ಎಂದಳು. ನಮ್ಮಲ್ಲಿ ಮನೆ ಕಟ್ಟುವುದಕ್ಕೂ, ಹೆಣ್ಣು ತರುವುದಕ್ಕೂ ಹೀಗೆ ಕೇಳುತ್ತೇವೆ. ದೇವಿಯ ಮೈಗೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಬಂದ ಮಾತನ್ನು ಮೀರುವ ಹಾಗಿಲ್ಲ, ಮೀರಿದರೆ ತಪ್ಪು ಕಾಣಿಕೆ ಹಾಕಬೇಕು.

ಚೌಡಮ್ಮನ ಗುಡಿಯಲ್ಲಿ ಪೂಜಾರರು, "ಬಾಯಿ ಬಿಟ್ಟು ಕೇಳಿ" ಎಂದರು. "ತೀರ್ಥಹಳ್ಳಿ ಲಾರಿ ತಗಳ್ಳಬಹುದಾ ತಾಯಿ" ಎಂದು ದೊಡ್ಡದಾಗಿ ಕೇಳಿದೆ. ಒಳಗೊಳಗೇ, ಎಡಕ್ಕೆ ಬೀಳಿಸು, ಎಡಕ್ಕೆ ಬೀಳಿಸು ಎಂದು ಬೇಡಿಕೊಳ್ಳುತ್ತಿದ್ದೆ. ಹೂವು ತಡಮಾಡದೆ ಬಲಕ್ಕೆ ಬಿತ್ತು. ಪಕ್ಕದಲ್ಲಿ ಭಾಮೈದ ಕೈ ಮುಗಿದ. ನನಗೆ ಚೌಡಮ್ಮನ ಮೇಲೂ ಸಿಟ್ಟು ಬಂತು.

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮೂವರೂ ತೀರ್ಥಹಳ್ಳಿಗೆ ಹೋದೆವು. ಲಾರಿಯ ಮಾಲೀಕರು ಬೀಗದ ಕೈ ನನಗೇ ಕೊಟ್ಟು, "ಹಳೇ ಡ್ರೈವರು ಅಂತೀರಿ, ಒಂದು ರೌಂಡ್ ಹೊಡ್ಕಂಡು ಬನ್ನಿ" ಎಂದರು. ಹೆಂಡತಿ, ಭಾಮೈದ ಪಕ್ಕದಲ್ಲಿ ಕೂತರು. ಸಪಾಟು ರಸ್ತೆಯಲ್ಲಿ ಹಲ್ಲು ಕಚ್ಚಿ ಓಡಿಸಿದೆ. ಒಂದು ಏರಿನಲ್ಲಿ ಮುಂದಿನ ಬಸ್ಸು ಜನ ಇಳಿಸಲು ನಿಂತಿತು. ನಾನೂ ನಿಲ್ಲಿಸಬೇಕಾಯಿತು. ಬಸ್ಸು ಹೊರಟಾಗ ಕ್ಲಚ್ ಒತ್ತಿ ಗೇರ್ ಹಾಕಿದೆ, ಕಾಲು ನಡುಗಿ ಜಾರಿತು. ಲಾರಿ ಒಂದು ಸಲ ಕುಪ್ಪಳಿಸಿ ಆಫ್ ಆಗಿ, ಹಿಂದಕ್ಕೆ ಸರಿಯಿತು. ಹಿಂದಿನ ಬೈಕಿನವನು ಹಾರ್ನ್ ಹೊಡೆದು ಕೂಗಾಡಿದ. ಹ್ಯಾಂಡ್‌ಬ್ರೇಕ್ ಎಳೆದು ಕೂತೆ. ಮತ್ತೆ ಒತ್ತೋಣವೆಂದರೆ ಕಾಲು ಮೇಲೇಳಲಿಲ್ಲ. ಹೆಂಡತಿ ನನ್ನ ಮಂಡಿಯನ್ನೇ ನೋಡುತ್ತಿದ್ದಳು.

ಆಮೇಲೆ ಅವಳು ತಮ್ಮನ ಕಡೆ ತಿರುಗಿ, "ಈ ಲಾರಿ ಬ್ಯಾಡ ಕಣೋ. ಎಷ್ಟು ಎತ್ತರ ಇದು, ನಂಗೆ ಕೂರಕ್ಕೇ ಹೆದರಿಕೆ ಆಗ್ತದೆ" ಎಂದಳು.

"ನೀನ್ಯಾಕೆ ಅಕ್ಕ ಇದ್ರಲ್ಲಿ ಕೂರ್ತೀಯ? ಪ್ರಸಾದ ಆದ್ಮೇಲೆ ಬ್ಯಾಡ ಅನ್ನಕ್ಕೆ ಆಗ್ತದಾ?"

"ತಪ್ಪು ಕಾಣಿಕೆ ನಾನು ಹಾಕ್ತೀನಿ. ಸಾಗರದ್ದೇ ತಗಳ್ಳಿ."

ಭಾಮೈದ ನಕ್ಕ. ನಾನೂ ನಕ್ಕೆ. "ಹೆಂಗಸ್ರನ್ನ ಲಾರಿ ನೋಡಕ್ಕೆ ಕರ್ಕೊಂಡು ಬಂದ್ರೆ ಹಿಂಗೇ" ಎಂದು ಅವನಿಗಿಂತ ಜೋರಾಗಿ ನಕ್ಕೆ. ಚೌಡಮ್ಮನ ಮಾತು ಎಂದರೆ ನಡುಗುವವಳು ಅವಳು. ನನ್ನ ಮಾನ ಉಳಿಸಲು ದೇವಿಯ ಮಾತನ್ನೇ ಮೀರಿದಳು. ನಾನು ಅವಳನ್ನೇ ಹೆಡ್ಡಿ ಮಾಡಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ನಗು ನಿಲ್ಲಿಸಿದೆ.

"ಅವಳಿಗೆ ಹೆದರಿಕೆ ಎಲ್ಲ ಎಂತದೂ ಇಲ್ಲ ಮಾರಾಯ. ನನ್ನ ಕಾಲು ಸೋತಿದೆ" ಎಂದೆ.

ಭಾಮೈದ ತಲೆ ತಗ್ಗಿಸಿದ. "ಗೊತ್ತಿತ್ತು ಭಾವ. ಮಳೆಗಾಲದಲ್ಲೇ ಅಕ್ಕ ಹೇಳಿದ್ಲು. ಇಲ್ದಿದ್ರೆ ಎಳೆಯೋ ಗಾಡಿ ಮಾಡಕ್ಕೆ ಆರು ಚಕ್ರದ್ದನ್ನ ಯಾರು ಹುಡುಕ್ತಾರೆ?"

ಮೈಯೆಲ್ಲ ಹಿಡಿಯಾಯಿತು. ಗಂಡಸರು ಓಡಿಸುವ ಗಾಡಿ ತೋರಿಸು ಎಂದು ನಾನು ಹಂಗಿಸಿದ್ದು ನನ್ನ ಕಾಲಿಗೆಂದೇ ಅವನು ಹುಡುಕಿದ ಗಾಡಿಯನ್ನು. ಅವನು ಇಳಿದು ಸುತ್ತಿ ಬಂದ. ನಾನು ಸ್ಟಿಯರಿಂಗ್ ಬಿಟ್ಟು ಪಕ್ಕಕ್ಕೆ ಸರಿದೆ.

ಕೊನೆಗೆ ಕೊಂಡದ್ದು ತೀರ್ಥಹಳ್ಳಿಯದನ್ನೇ. ಈಗ ಓಡಿಸುವವನು ಭಾಮೈದ. ಘಾಟಿಯಲ್ಲಿ ನಾನು ಕೆಳಗೆ ನಿಂತು ರೋಪು ಸುತ್ತುವ ಹಿಡಿಕೆ ನೋಡಿಕೊಳ್ಳುತ್ತೇನೆ. ಹಳೇ ಪರಿಚಯದ ಡ್ರೈವರುಗಳು ಸಿಕ್ಕರೆ ಇವತ್ತಿಗೂ ಮುಖ ಅತ್ತ ತಿರುಗಿಸುತ್ತೇನೆ.

ಲಾರಿ ಪೂಜೆಯ ದಿನ ಚೌಡಮ್ಮನ ಗುಡಿಯಲ್ಲಿ ಹೆಂಡತಿ ತಪ್ಪು ಕಾಣಿಕೆಯ ದುಡ್ಡು ತೆಗೆದಳು. "ಲಾರಿ ತಗಂಡಾಯ್ತಲ್ಲ, ಇನ್ನೆಂತಕ್ಕೆ?" ಎಂದೆ. "ಬ್ಯಾಡ ಅಂತ ಬಾಯಿ ಬಿಟ್ಟು ಹೇಳಿದ್ನಲ್ಲ" ಎಂದಳು. ಹಾಗಾದರೆ ಅದನ್ನು ನಾನು ಹಾಕುತ್ತೇನೆ ಎಂದು ಕೈ ಚಾಚಿದೆ.

"ನಂದು ನಾನು ಹಾಕ್ತೀನಿ. ನಿಮ್ದು ಇದ್ರೆ ನೀವು ಬೇರೆ ಹಾಕಿ."

ಜೇಬಿಗೆ ಕೈ ಹಾಕಿ ಸಿಕ್ಕಿದ್ದನ್ನು ತಟ್ಟೆಗಿಟ್ಟೆ. "ಇದು ಎಂತ ತಪ್ಪಿಗೆ? ಬಾಯಿ ಬಿಟ್ಟು ಹೇಳ್ಬೇಕು" ಎಂದರು ಪೂಜಾರರು.

"ನಕ್ಕಿದ್ದಕ್ಕೆ" ಎಂದೆ.

ಪೂಜಾರರು ಅರ್ಥವಾಗದೆ ನನ್ನ ಹೆಂಡತಿಯ ಮುಖ ನೋಡಿದರು. ನನಗೆ ನೋಡಲಾಗಲಿಲ್ಲ.