ಬಿಟ್ಟುಹೋದ ಮಾವಿನ ಸಾಲು

ನಾನು ಐದನೇ ಕ್ಲಾಸು ಮಾತ್ರ ಓದಿದವಳು. ಆದರೂ ಕಥೆ ಹೇಳುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ತಂಗಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆಯವಳು, ಅಲ್ಲೇ ಹಾಸ್ಟೆಲಿನಲ್ಲಿ ವಾಸ. ಅವಳ ಎಂಟು ವರ್ಷದ ಮಗಳು ನಮ್ಮೂರು ಸಿರುಮುಗೈಯಲ್ಲಿ ನನ್ನ ಜೊತೆ ಇದ್ದಾಳೆ. ಶಾಲೆಯಿಂದ ಬಂದವಳೇ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ನಾನು ರೇಷ್ಮೆ ಸೀರೆ ನೇಯುತ್ತಲೇ ಕಥೆ ಹೇಳುತ್ತಿದ್ದೆ.

ಅವಳಿಗೆ ಬಹಳ ಹಿಡಿಸಿದ್ದು ಮಾತಾಡುವ ಸೀರೆಯ ಕಥೆ. ನೇಯ್ದವಳು ತಪ್ಪು ಮುಚ್ಚಿಟ್ಟರೆ ಆ ಸೀರೆ ಮದುವೆ ಮಂಟಪದಲ್ಲಿ ಎಲ್ಲರೆದುರು ಬಾಯಿ ಬಿಡುತ್ತದೆ. ಮಗು ಸುಳ್ಳು ಹೇಳಬಾರದೆಂದು ನಾನೇ ಕಟ್ಟಿದ ಕಥೆ ಅದು.

ತಂಗಿಗೆ ಊರಿಗೆ ಮರಳಿ ಮಗಳ ಜೊತೆ ಇರುವ ಆಸೆ. ನಮಗೆ ರೇಷ್ಮೆ ಕೊಟ್ಟು ನೇಯಿಸುವ ಮೊದಲಾಳಿಯ ಹತ್ತಿರ ಒಂದು ಮಗ್ಗ ಖಾಲಿಯಿತ್ತು. ಮದುವೆಗೆ ಮುಂಚೆ ಅವಳೂ ನೇಯ್ದವಳೇ. "ಕೈ ಮರೆತಿಲ್ಲ ಅಂದ್ರೆ ಬರ್ಲಿ" ಎಂದಿದ್ದರು ಮೊದಲಾಳಿ. ರಜೆಗೆ ಬಂದಾಗ ಅವಳು ನನ್ನ ಮಗ್ಗದಲ್ಲಿ ಕೂತು ಒಂದು ಮೊಳ ನೇಯ್ದಳು. ಒಂದು ಎಳೆಯೂ ತಪ್ಪಲಿಲ್ಲ.

ಅವಳು ಹೋದ ಮಾರನೇ ದಿನ ನಾನು ಮೊಬೈಲಿನಲ್ಲಿ ಸೀರಿಯಲ್ ನೋಡುತ್ತಾ ನೇಯುತ್ತಿದ್ದೆ. ಎಣಿಕೆ ತಪ್ಪಿ ಮಾವಿನಕಾಯಿ ಬುಟ್ಟಾದ ಒಂದು ಸಾಲೇ ಬಿಟ್ಟುಹೋಯಿತು. ಗೊತ್ತಾಗುವಷ್ಟರಲ್ಲಿ ಮುಂದೆ ಎರಡು ಗೇಣು ನೇಯ್ದಾಗಿತ್ತು. ಅಷ್ಟನ್ನೂ ಬಿಚ್ಚಬೇಕು.

"ದೊಡ್ಡಮ್ಮಾ, ಇಲ್ಲೊಂದು ಸಾಲು ಕಾಣಲ್ಲ" ಎಂದಳು ಮಗು.

"ಅದು ನೆರಿಗೆ ಒಳಗೆ ಹೋಗತ್ತೆ ಕಂದಾ, ಸುಮ್ನಿರು."

ಸೀರೆ ಕೊಡಲು ಹೋದಾಗ ಮಗುವೂ ಜೊತೆಗಿದ್ದಳು. ಮೊದಲಾಳಿ ಸೀರೆ ಹರವಿದರು.

"ಏನಮ್ಮಾ ಇದು? ಮಾವಿನಕಾಯಿ ಅಳಿಲು ತಿಂದು ಹೋಯ್ತಾ?"

"ನನ್ ಕೈ ಅಲ್ಲಣ್ಣಾ. ತಂಗಿ ಬಂದಿದ್ದಳಲ್ಲ, ಅವಳು ಕೂತಿದ್ದು."

ಬಾಯಿಂದ ಅಷ್ಟು ಸಲೀಸಾಗಿ ಬಂತು.

"ಹಂಗಾದ್ರೆ ಅವಳು ಬನಿಯನ್ನೇ ಹೊಲೀಲಿ" ಎಂದು ನಕ್ಕು ಸೀರೆ ಮಡಚಿದರು. ಆ ವಾರವೇ ಖಾಲಿಯಿದ್ದ ಮಗ್ಗ ಬೇರೆಯವರಿಗೆ ಹೋಯಿತು.

ಬೈಗುಳಕ್ಕೆ ಹೆದರಿ ಹಾಗೆಂದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ತಂಗಿ ಬಂದರೆ ಮಗು ಅವಳ ಮಗ್ಗದ ಪಕ್ಕ ಕೂರುತ್ತಾಳೆ ಎಂಬುದು ಎಷ್ಟೋ ದಿನದಿಂದ ಮನಸ್ಸನ್ನು ಕೊರೆಯುತ್ತಿತ್ತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಿಲ್ಲ.

ದಾರಿಯಲ್ಲಿ, "ಅಮ್ಮಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ" ಎಂದೆ. ಮಗು ತಲೆಯಾಡಿಸಿದಳು.

ಭಾನುವಾರ ತಂಗಿ ಫೋನ್ ಮಾಡಿದಾಗ ನಾನು ಬೇಕೆಂದೇ ಒಲೆಯ ಮುಂದೆ ನಿಂತಿದ್ದೆ. ಮಗು ಫೋನ್ ಎತ್ತಿದಳು. ತಂಗಿ ಮಗ್ಗದ ವಿಷಯ ಕೇಳಿದಳೆಂದು ಕಾಣುತ್ತದೆ.

"ಅದು ಆಗ್ಲೇ ಕೊಟ್ಟುಬಿಟ್ಟಿದ್ರಂತೆ ಅಮ್ಮಾ. ನೀನು ರಜೆಗೆ ಬರೋ ಮುಂಚೇನೇ. ಮೊದಲಾಳಿಗೇ ಮರ್ತುಹೋಗಿತ್ತಂತೆ."

ಇಷ್ಟನ್ನು ನಾನು ಹೇಳಿಕೊಟ್ಟಿರಲಿಲ್ಲ. ಮೊದಲಾಳಿ ಮರೆತರೆಂಬ ಮಾತನ್ನೂ ತಾನೇ ಸೇರಿಸಿದ್ದಳು. ಹೇಳಿ ಮುಗಿಸಿ, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದಳು. ಫೋನ್ ನನ್ನ ಕೈಗೆ ಬಂತು.

"ಹೋಗ್ಲಿ ಬಿಡಕ್ಕ" ಎಂದಳು ತಂಗಿ. "ನೀನಿದ್ದೀಯಲ್ಲ, ಅವಳು ಒಳ್ಳೇದು ಕಲೀತಾಳೆ. ನಂಗಷ್ಟು ಸಾಕು."

"ಊಟ ಆಯ್ತಾ?" ಎಂದೆ.

ಇವತ್ತಿನ ತನಕ ಅವಳಿಗೆ ನಿಜ ಹೇಳಿಲ್ಲ. ಮಗು ಈಗಲೂ ಮಾತಾಡುವ ಸೀರೆಯ ಕಥೆ ಹೇಳು ಎನ್ನುತ್ತಾಳೆ. ಗಂಟಲು ನೋವು ಎನ್ನುತ್ತೇನೆ.